ಸಾಕ್‌ಪೆಕ್ ಕಾಡಿನಿಂದ ನನ್ನನ್ನು ಹೊತ್ತು ತಂದವರು

ಆ ಮೂವರು ದೋಣಿ ಹತ್ತಿದ ರೀತಿ ನೋಡಿಯೇ ಇವತ್ತು ನನ್ನ ತಲೆ ಚಿಟ್ಟು ಹಿಡಿಯುವುದು ಖಂಡಿತ ಅಂದುಕೊಂಡೆ.

ದೋನ್ ಫಿದೆನ್ಸಿಯೊ ಕೊಯೋಯ್ ಎಲ್ಲರಿಗಿಂತ ಮೊದಲು ಹತ್ತಿ ದೋಣಿಯ ಮುಂತುದಿಗೆ ಹೋಗಿ ಕೂತರು. ಬೆಟ್ಟದ ಮೇಲಿನ ಶೇಲಾ ಊರಿನಲ್ಲಿ ಬೇಕರಿ ಇಟ್ಟುಕೊಂಡವರು, ದಪ್ಪ ಆಳು, ವರ್ಷಗಟ್ಟಲೆ ಒಲೆಯ ಮುಂದೆ ನಿಂತು ಕೆಂಪಾದ ಮುಖ. ಅವರ ತಂಗಿ ದೋನ್ಯಾ ತೊಮಾಸಾ ಅಣ್ಣನ ಕಡೆ ತಿರುಗಿಯೂ ನೋಡದೆ ಹಿಂದಕ್ಕೆ ಹೋಗಿ, ಇಂಜಿನ್ನಿನ ಹೊಗೆ ಮೂಗಿಗೇ ಬಡಿಯುವ ಜಾಗದಲ್ಲಿ ಬೇಕೆಂದೇ ಕೂತರು. ನಡುವಿನ ಹಲಗೆ ದೋನ್ ಫಿದೆನ್ಸಿಯೊ ಅವರ ಹೆಂಡತಿ ದೋನ್ಯಾ ಓದಿಲಿಯಾ ಅವರ ಪಾಲಿಗೆ ಬಂತು. ತೊಡೆಯ ಮೇಲೆ ಊಟದ ಬುಟ್ಟಿ ಇಟ್ಟುಕೊಂಡು ಆಕೆ ನನ್ನತ್ತ ನೋಡಿ, ಏನು ಮಾಡಲಿ ಹೇಳು ಅನ್ನುವಂತೆ ಕಣ್ಣು ಮೇಲಕ್ಕೆತ್ತಿದರು.

ನದಿಯ ತಿರುವು ದಾಟುವ ಮೊದಲೇ ಶುರುವಾಯಿತು.

"ಅತ್ತಿಗೇ, ನಿನ್ನ ಗಂಡನಿಗೆ ಹೇಳು. ಹಾಗೆ ಒಂದೇ ಕಡೆ ವಾಲಿದ್ರೆ ದೋಣಿ ಮಗುಚುತ್ತೆ."

"ಓದಿಲಿಯಾ, ನಿನ್ನ ನಾದಿನಿಗೆ ಹೇಳು. ದೋಣಿ ವಾಲ್ತಿರೋದು ಅವಳ ಬಾಯಿ ಭಾರಕ್ಕೆ ಅಂತ."

"ನೀವೇ ಹೇಳ್ಕೊಳ್ರಿ!" ಎಂದರು ಓದಿಲಿಯಾ. "ನಾನೇನು ನಿಮ್ಮಿಬ್ಬರ ಮಧ್ಯೆ ಟೆಲಿಫೋನ್ ತಂತಿನಾ?"

ದೋಣಿ ನಡೆಸುತ್ತಿದ್ದ ತ್ರಾನ್ಸಿತೊ ಮಾಮ ಟೋಪಿಯನ್ನು ಹಣೆಯ ಮೇಲೆಳೆದುಕೊಂಡು ನಗು ಮುಚ್ಚಿಕೊಂಡ. ಅವನದೂ ನನ್ನದೂ ಒಂದೇ ಊರು. ಇಪ್ಪತ್ತರ ವಯಸ್ಸಿನಿಂದ ನಾನು ಪ್ರವಾಸಿಗಳನ್ನು ಕರೆದುಕೊಂಡು ಕಾಡಿಗೆ ಹೋಗುತ್ತಿದ್ದೇನೆ, ಅಂದಿನಿಂದಲೂ ನನಗೆ ಅವನ ದೋಣಿಯೇ. ಗಂಡ ಹೆಂಡತಿ ಜಗಳ, ಮಾವ ಅಳಿಯನ ಜಗಳ ಎಲ್ಲ ನಾವು ನೋಡಿದ್ದೇವೆ. ಆದರೆ ಇಷ್ಟು ವಯಸ್ಸಾದ ಅಣ್ಣ ತಂಗಿ ಹೀಗೆ ಮೂರನೆಯವರ ಬಾಯಿಂದ ಮಾತಾಡುವುದನ್ನು ನೋಡಿರಲಿಲ್ಲ.

ಜೊಂಡಿನ ಬಳಿ ದೋಣಿ ನಿಂತಾಗ ಓದಿಲಿಯಾ ನನ್ನ ಕಿವಿಯಲ್ಲಿ ಕಥೆ ಹೇಳಿದರು. ಅತ್ತೆ ತೀರಿಕೊಂಡಾಗಿನಿಂದ ಇಬ್ಬರೂ ಮಾತು ಬಿಟ್ಟಿದ್ದಾರೆ. ಇವರ ಬೇಕರಿ ಒಂದು ಬೀದಿಯಲ್ಲಿ, ಅವಳ ಒಲೆ ಪಕ್ಕದ ಬೀದಿಯಲ್ಲಿ. ಈಸ್ಟರಿಗೆ ಮುಂಚಿನ ಪವಿತ್ರ ವಾರದಲ್ಲಿ ಬ್ರೆಡ್ಡು ಸುಟ್ಟು ಸುಟ್ಟು ಸೊಂಟ ಬಿದ್ದುಹೋಗಿರುತ್ತದೆ. ಹಬ್ಬ ಮುಗಿದ ಮೇಲೆ ಒಲೆ ಆರಿಸಿ ಎಲ್ಲಾದರೂ ಹೋಗಿಬರುವುದು ಅವರ ಮನೆಯ ಪದ್ಧತಿ. ಈ ಸಲ ಓದಿಲಿಯಾ ಗಂಡನಿಗೆ, "ತೊಮಾಸಾ ಬರಲ್ಲ" ಅಂದಿದ್ದರು. ತೊಮಾಸಾಗೆ, "ನಿಮ್ಮಣ್ಣ ಬರಲ್ಲ" ಅಂದಿದ್ದರು. ಬಸ್ಸು ಹೊರಟ ಮೇಲೆ ಇಬ್ಬರಿಗೂ ಗೊತ್ತಾಗಿತ್ತು.

"ನಂಗೆ ಬೈದ್ರು, ಬೈಸ್ಕೊಂಡೆ," ಎಂದರು ಓದಿಲಿಯಾ. "ಅಷ್ಟು ದೂರ ಒಂದೇ ಬಸ್ಸಲ್ಲಿ ಕೂತ್ರೆ ಒಂದು ಮಾತಾದ್ರೂ ಆಡ್ತಾರೆ ಅನ್ಕೊಂಡಿದ್ದೆ ಮಗಳೇ. ಉಹ್ಞೂ. ಕಲ್ಲು."

"ನಾವೀಗ ಹೋಗ್ತಿರೋದೂ ಕಲ್ಲು ನೋಡೋಕೇ ಅಲ್ವಾ," ಅಂದೆ. ಆಕೆ ಪಕ್ಕನೆ ನಕ್ಕುಬಿಟ್ಟರು.

ಕಾಡಿನ ಬಾಯಲ್ಲಿ ನಾನು ಯಾವಾಗಲೂ ನಿಲ್ಲುತ್ತೇನೆ. ಒಂದು ತುಂಡು ಧೂಪ ಹಚ್ಚಿ, ಬೆಟ್ಟ ಕಣಿವೆಗಳ ಒಡೆಯನಿಗೆ ನಮ್ಮ ಕೆಕ್ಚಿ ಮಾತಿನಲ್ಲಿ, ಇವರು ನನ್ನ ಜೊತೆ ಬಂದವರು, ಒಳಗೆ ಬಿಡು, ಹಾಗೇ ಹೊರಗೂ ಬಿಡು ಎಂದು ಕೇಳುತ್ತೇನೆ. ಬಂದವರು ಆಗ ಫೋಟೊ ತೆಗೆಯುತ್ತಾರೆ, ಇಲ್ಲವೆ ಸೊಳ್ಳೆ ಹೊಡೆಯುತ್ತಾರೆ. ಈ ಮೂವರು ಹಾಗೆ ಮಾಡಲಿಲ್ಲ. ಅವರದು ಕಿಚೆ ಭಾಷೆ, ನನ್ನೆದುರು ಮಾತಾಡುತ್ತಿದ್ದದ್ದು ಸ್ಪ್ಯಾನಿಷ್, ನನ್ನ ಕೆಕ್ಚಿ ಅವರಿಗೆ ತಿಳಿಯುವಂಥದ್ದಲ್ಲ. ಆದರೂ ದೋನ್ ಫಿದೆನ್ಸಿಯೊ ಟೋಪಿ ತೆಗೆದು ಹೊಗೆಯ ಆ ಬದಿಗೆ ಮಂಡಿಯೂರಿದರು, ತೊಮಾಸಾ ಈ ಬದಿಗೆ. ಮುನಿಸು ಎಷ್ಟೇ ಇರಲಿ, ಒಳ್ಳೆಯ ತಾಯಿ ಬೆಳೆಸಿದ ಮಕ್ಕಳು ಅಂತ ಅನ್ನಿಸಿತು.

ಹಳ್ಳ ದಾಟುವಲ್ಲಿ ತೊಮಾಸಾ ಅವರ ಪ್ಲಾಸ್ಟಿಕ್ ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು. ಎಳೆದರು. ಅಟ್ಟೆ ಕೆಸರಿನಲ್ಲೇ ಉಳಿದು ಬರೀ ಪಟ್ಟಿ ಕೈಗೆ ಬಂತು.

"ಓದಿಲಿಯಾ, ನಿನ್ನ ನಾದಿನಿಗೆ ಹೇಳು, ಕಾಡಿಗೆ ಬರೋರು ಸಂತೆಗೆ ಹೋಗೋ ಚಪ್ಪಲಿ ಹಾಕ್ಕೊಂಡು ಬರಲ್ಲ ಅಂತ."

"ಅತ್ತಿಗೇ, ನಿನ್ನ ಗಂಡನಿಗೆ ಹೇಳು, ನಾನು ಬರಿಗಾಲಲ್ಲೇ ನಡೀತೀನಿ, ಅವನ ತಲೆ ಮೇಲೇನೂ ನಡಿಯಲ್ಲ ಅಂತ."

ನಾನು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ್ದೆ. ಚೀಲದಲ್ಲಿ ದೋಣಿಗೆಂದು ಇಟ್ಟುಕೊಂಡಿದ್ದ ತೆಳುವಾದ ಬಟ್ಟೆಯ ಶೂ ಇತ್ತು. ಬೂಟು ಬಿಚ್ಚಿ ತೊಮಾಸಾ ಅವರಿಗೆ ಕೊಟ್ಟು ಶೂ ಹಾಕಿಕೊಂಡೆ. ಬೇಡ ಬೇಡ ಅಂದರು. "ಬಂದವರ ಕಾಲು ನನ್ನ ಜವಾಬ್ದಾರಿ ಅಕ್ಕ, ಹಾಕ್ಕೊಳ್ಳಿ," ಅಂದೆ. ಅಳತೆಯೂ ಸರಿಹೋಯಿತು. ಅದರಲ್ಲಿ ದೊಡ್ಡ ಉಪಕಾರವೇನೂ ಇರಲಿಲ್ಲ. ಯಾರಿದ್ದರೂ ಹಾಗೇ ಮಾಡುತ್ತಿದ್ದೆ.

ಸಾಕ್‌ಪೆಕ್ ಹಳೆಯ ಅರಸರ ಕಾಲದ ಪಾಳೂರು, ಆದರೆ ಹೆಸರುವಾಸಿಯಾದ ಜಾಗವಲ್ಲ. ಅಗೆದು ತೆಗೆದ ಒಂದು ಎತ್ತರದ ಗುಡಿ, ಒಂದು ಅಂಗಳ, ಕೆಲವು ನಿಲುಗಲ್ಲುಗಳು. ಉಳಿದದ್ದೆಲ್ಲ ಇನ್ನೂ ಮರ ಬೆಳೆದ ಮಣ್ಣುಗುಡ್ಡೆಗಳು. ನನಗೆ ಅದಕ್ಕೇ ಆ ಜಾಗ ಇಷ್ಟ. ಬೂರುಗದ ಮರದ ಬೇರು ಗೋಡೆಯೊಳಗೆ ಕೈ ಹಾಕಿ ಕೂತಿರುತ್ತದೆ. ಕೂಗುಕೋತಿಗಳು ಮೇಲಿನಿಂದ ಗದರಿಸುತ್ತವೆ. ಅಂಗಳದ ನಿಲುಗಲ್ಲಿನಲ್ಲಿ ಒಬ್ಬ ಅರಸನೂ ಒಬ್ಬ ಅರಸಿಯೂ ಎದುರುಬದುರು ನಿಂತಿದ್ದಾರೆ. ಅವರು ಒಂದೇ ತಾಯಿಯ ಮಕ್ಕಳು ಎಂದು ಓದಿದವರು ಹೇಳುತ್ತಾರೆ. ನಾನೂ ಹಾಗೇ ಹೇಳಿದೆ.

ದೋನ್ ಫಿದೆನ್ಸಿಯೊ ಕಲ್ಲನ್ನು ಬಹಳ ಹೊತ್ತು ನೋಡಿದರು. "ಇವರಿಬ್ರೂ ಮಾತಾಡ್ತಿದ್ರಂತಾ?"

"ಕಲ್ಲಾದ್ರೂ ಎದುರುಬದುರು ನಿಂತಿದ್ದಾರೆ, ನೋಡ್ಕೊಳ್ರಿ ಚೆನ್ನಾಗಿ," ಎಂದರು ಓದಿಲಿಯಾ. ತೊಮಾಸಾ ಬೇರೆ ಕಡೆ ತಿರುಗಿ ಕೆಮ್ಮಿದರು. ನಗು ತಡೆದುಕೊಂಡ ಕೆಮ್ಮು ಅದು.

ಬುಟ್ಟಿಯಲ್ಲಿದ್ದ ತಮಾಲೆ ಎಂಬ ಜೋಳದ ಕಡುಬುಗಳನ್ನು ಎಲೆ ಬಿಚ್ಚಿ ತಿಂದೆವು. ಅಲ್ಲಿನ ಕಾವಲುಗಾರ ಕಸಿಮಿರೊ ಕಾಫಿ ಕಾಯಿಸಿ ಕೊಟ್ಟ. ಆಮೇಲೆ ಎತ್ತರದ ಗುಡಿಯನ್ನು ಹತ್ತಿದೆವು. ಮೇಲೆ ನಿಂತರೆ ಸುತ್ತಲೂ ಕಾಡು, ದೂರದಲ್ಲಿ ತಟ್ಟೆಯಂಥ ಕೆರೆ. ಹತ್ತುವುದು ಕಷ್ಟವಲ್ಲ, ಇಳಿಯುವುದೇ ಕಷ್ಟ. ದೋನ್ ಫಿದೆನ್ಸಿಯೊ ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಕೂತುಬಿಟ್ಟರು. ಮಗು ತೆವಳುವ ಹಾಗೆ ಕೂತುಕೊಂಡೇ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.

"ಅತ್ತಿಗೇ, ನಿನ್ನ ಗಂಡನಿಗೆ ಹೇಳು, ಪ್ಯಾಂಟು ಹರಿದ್ರೆ ಹೊಲಿಯೋಕೆ ಇಲ್ಲಿ ದರ್ಜಿ ಇಲ್ಲ ಅಂತ!"

ಎಲ್ಲರೂ ನಕ್ಕೆವು. ಅವರೂ ನಕ್ಕರು. ಕೊನೆಯ ಮೆಟ್ಟಿಲುಗಳು ಮುರಿದಿದ್ದವು. ಅವರಿಗೆ ಕೈ ಕೊಡಲೆಂದು ನಾನು ಪಕ್ಕಕ್ಕೆ ಸರಿದು, ಗೋಡೆಯ ಬುಡದ ಒಣಗಿದ ಎಲೆಗಳ ಮೇಲೆ ಕಾಲಿಟ್ಟೆ.

ಹಿಮ್ಮಡಿಯ ಮೇಲ್ಗಡೆ ಯಾರೋ ಸುತ್ತಿಗೆಯಿಂದ ಹೊಡೆದ ಹಾಗಾಯಿತು. ಮೊದಲು ಕಲ್ಲು ಬಿತ್ತು ಅಂದುಕೊಂಡೆ. ಎಲೆ ಸರಿದಾಡಿತು. ಕಂದು ಮೈ, ಅದರ ಮೇಲೆ ಮುಕ್ಕೋನದ ಗುರುತುಗಳು, ಗಲ್ಲದಡಿಯಲ್ಲಿ ಹಳದಿ. ನಮ್ಮ ಕಡೆ ಅದನ್ನು ಹಳದಿಗಡ್ಡ ಅನ್ನುತ್ತೇವೆ. ಅದು ಗೋಡೆಯ ಬಿರುಕಿನೊಳಗೆ ಹೋಗುವವರೆಗೂ ನಾನು ದೋನ್ ಫಿದೆನ್ಸಿಯೊ ಅವರ ಕೈ ಬಿಡಲಿಲ್ಲ. ಅವರು ಕೆಳಗಿಳಿದ ಮೇಲೆ, "ಎಲ್ಲರೂ ಅಂಗಳದ ಮಧ್ಯಕ್ಕೆ ಹೋಗಿ," ಅಂದೆ. "ನನಗೆ ಹಾವು ಕಚ್ಚಿದೆ."

ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಯಾರಿಗೋ ಹಾದಿ ತೋರಿಸುವಾಗಿನ ದನಿ.

ಮುಂದಿನದು ಗದ್ದಲ. ದೋನ್ ಫಿದೆನ್ಸಿಯೊ ಚಾಕು ತೆಗೆದು, "ಕೊಯ್ದು ವಿಷ ಹೀರ್ತೀನಿ, ಕಾಲು ಕೊಡಿ," ಎಂದು ಮಂಡಿಯೂರಿದರು. ಓದಿಲಿಯಾ ಸೊಂಟದ ಪಟ್ಟಿ ಬಿಚ್ಚಿ, "ಬಿಗಿಯಾಗಿ ಕಟ್ಟೋಣ," ಎಂದರು.

"ಕೊಯ್ಯಬೇಡಿ. ಕಟ್ಟಲೂಬೇಡಿ," ಅಂದೆ. "ನಾನು ನಡೀಬಾರದು ಅಷ್ಟೇ. ಆಸ್ಪತ್ರೇಲಿ ಮದ್ದಿದೆ. ಬೇಗ ಹೋದ್ರೆ ಆಯ್ತು."

ಬೇಗ ಅನ್ನುವುದೇ ಕಷ್ಟದ ಮಾತಾಗಿತ್ತು. ಫೋನಿಗೆ ಸಿಗ್ನಲ್ ಸಿಗುವುದು ಹಿಂದಿನ ಗುಡ್ಡದ ನೆತ್ತಿಯಲ್ಲಿ ಮಾತ್ರ. ದೋಣಿ ಇದ್ದದ್ದು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ. ಕಸಿಮಿರೊ ತನ್ನ ಗುಡಿಸಿಲಿನಿಂದ ಹಗ್ಗದ ಜೋಲಿ ತಂದ, ಮಚ್ಚಿನಿಂದ ಒಂದು ಗಳ ಕಡಿದು ಜೋಲಿಯ ಎರಡು ತುದಿಗಳನ್ನು ಅದಕ್ಕೆ ಬಿಗಿದ. ಅವನು ಗುಡ್ಡ ಹತ್ತಿ ಆಸ್ಪತ್ರೆಗೆ ಫೋನು ಮಾಡಬೇಕು, ಆಂಬ್ಯುಲೆನ್ಸು ದೋಣಿಕಟ್ಟೆಗೆ ಬಂದು ನಿಂತಿರಬೇಕು. ನನ್ನನ್ನು ದೋಣಿಯವರೆಗೆ ಹೊರಬೇಕಾದವರು ಈ ಮೂವರೇ.

ನನಗೆ ನಾಚಿಕೆಯಾಯಿತು. ಕಾಲು ಉರಿಯುತ್ತಿದ್ದರೂ ಅದೇ ಮೊದಲು ಅನ್ನಿಸಿದ್ದು. ಇವರನ್ನು ಕಾಡಿಗೆ ಕರೆತಂದವಳು ನಾನು, ಹೊರಗೆ ಕರೆದೊಯ್ಯಬೇಕಾದವಳೂ ನಾನೇ.

ದೋನ್ ಫಿದೆನ್ಸಿಯೊ ಗಳದ ಮುಂತುದಿ ಎತ್ತಿ ಹೆಗಲಿಗಿಟ್ಟುಕೊಂಡರು. ಹಿಂತುದಿಗೆ ಯಾರು ಎಂದು ಓದಿಲಿಯಾ ಬಾಯಿ ತೆರೆಯುವಷ್ಟರಲ್ಲಿ ತೊಮಾಸಾ ಶಾಲನ್ನು ಸುರುಳಿ ಸುತ್ತಿ ಹೆಗಲ ಮೇಲಿಟ್ಟು ಗಳ ಎತ್ತಿದ್ದರು. ಆಕೆ ಅಳುತ್ತಿದ್ದರು. "ಈ ಬೂಟು ನಿನ್ನ ಕಾಲಲ್ಲಿ ಇರಬೇಕಿತ್ತು ಕಣೇ," ಎಂದರು.

ಕಸಿಮಿರೊ ಹೊರಟವನು ತಿರುಗಿ ನಿಂತ. "ರೊಮೆಲಿಯಾ, ನಿಮ್ಮಮ್ಮನಿಗೂ ಫೋನ್ ಮಾಡ್ಲಾ?"

"ಬೇಡ ಕಸಿಮಿರೊ. ಸುಮ್ನೆ ಗಾಬರಿ ಆಗ್ತಾಳೆ. ಎಲ್ಲಾ ಸರಿಹೋದ್ಮೇಲೆ ನಾನೇ ಹೇಳ್ತೀನಿ."

"ಮಾಡಿ!" ಎಂದು ತೊಮಾಸಾ ಕೂಗಿದ್ದಕ್ಕೆ ಮರದ ಮೇಲಿನ ಕೋತಿಗಳು ಸುಮ್ಮನಾದವು. "ಈಗ್ಲೇ ಮಾಡಿ! ಹೇಳದೆ ಇದ್ರೆ ಏನಾಗುತ್ತೆ ಅಂತ ನಂಗೊತ್ತು. ನಮ್ಮಮ್ಮನಿಗೆ ಮಣ್ಣು ಮುಚ್ಚಿ ಹೂವಿಟ್ಟ ಮೇಲೆ ಹೋಗಿ ನಿಂತೋಳು ನಾನು."

ಕಸಿಮಿರೊ ಅವರ ಮುಖ ನೋಡಿ, ತಲೆಯಾಡಿಸಿ ಓಡಿದ.

ನಾವು ಹೊರಟೆವು. ಓದಿಲಿಯಾ ಮಚ್ಚು ಹಿಡಿದು ಮುಂದೆ, ಅಡ್ಡ ಬಂದ ಬಳ್ಳಿ ಸವರುತ್ತ. ಮೊದಮೊದಲು ಜೋಲಿ ಸಂತೆಯ ಹಂದಿಯಂತೆ ಅತ್ತ ಇತ್ತ ಹೊಯ್ದಾಡಿತು. ಮುಂದಿನವರು ಎಡಗಾಲು ಹಾಕಿದರೆ ಹಿಂದಿನವರು ಬಲಗಾಲು. ಪ್ರತಿ ಹೆಜ್ಜೆಗೂ ನನ್ನ ಕಾಲಿಗೆ ಬೆಂಕಿ ಇಟ್ಟಂತಾಗುತ್ತಿತ್ತು. ಪಾದ ಆಗಲೇ ಊದಿ ಶೂವಿನ ಹೊಲಿಗೆ ಬಿಚ್ಚುವಂತಾಗಿತ್ತು. ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ.

"ಅತ್ತಿಗೇ, ನಿನ್ನ ಗಂಡನಿಗೆ ಹೇಳು, ಹೆಜ್ಜೆ..." ಎಂದು ಶುರು ಮಾಡಿದ ತೊಮಾಸಾ ನನ್ನ ನರಳಾಟ ಕೇಳಿ ನಿಲ್ಲಿಸಿದರು. ಆಮೇಲೆ ನೇರವಾಗಿ ಎದುರಿನ ಬೆನ್ನಿಗೇ ಹೇಳಿದರು: "ಹಿಟ್ಟು ನಾದುವಾಗಿನ ಹಾಗೆ. ಹ್ಞೂ ಅಂದ್ರೆ ಎಡ. ಹಾ ಅಂದ್ರೆ ಬಲ."

ದೋನ್ ಫಿದೆನ್ಸಿಯೊ ಎಡಗಾಲು ಮುಂದಿಟ್ಟರು. "ಹ್ಞೂ," ಎಂದರು.

"ಹಾ."

"ಹ್ಞೂ."

"ಹಾ."

ಜೋಲಿ ನಿಂತಿತು. ಅಂದರೆ, ನಡೆಯುತ್ತಿದ್ದರೂ ಅಲುಗಾಟ ನಿಂತಿತು. ಚಿಕ್ಕಂದಿನಲ್ಲಿ ಇಬ್ಬರನ್ನೂ ಒಂದೇ ದೊಡ್ಡ ಮರಿಗೆಯ ಎರಡು ಕಡೆ ನಿಲ್ಲಿಸಿ ಅವರಮ್ಮ ಹಿಟ್ಟು ನಾದಿಸುತ್ತಿದ್ದದ್ದು ಹಾಗೆಯಂತೆ. ಓದಿಲಿಯಾ ಆಮೇಲೆ ಹೇಳಿದ್ದು. ಆಗ ನನಗೆ ಗೊತ್ತಾದದ್ದು ಇಷ್ಟೇ: ನೋವು ಸ್ವಲ್ಪ ಹಗುರವಾಯಿತು, ಮತ್ತು ಆ ಇಬ್ಬರ ಉಸಿರು ಒಂದೇ ಉಸಿರಾಗಿ ಕೇಳತೊಡಗಿತು.

ಹಳ್ಳದ ಹತ್ತಿರ ದೋನ್ ಫಿದೆನ್ಸಿಯೊ ತಟ್ಟನೆ ಮಾತಾಡಿದರು. ಹಿಂದಕ್ಕೆ ತಿರುಗಲಿಲ್ಲ. ಗಳ ಹೊತ್ತವರು ತಿರುಗಲು ಆಗುವುದೂ ಇಲ್ಲ.

"ಅಮ್ಮಾನೇ ಬೇಡ ಅಂದಿದ್ದು."

"ಏನು?"

"ನಿಲ್ಲಬೇಡ, ನಡಿ. ಹ್ಞೂ. ನೀನಾಗ ಕರಾವಳೀಲಿದ್ದೆ, ನಿಂಗೆ ಆಪರೇಷನ್ ಆಗಿತ್ತು. ಹೊಲಿಗೆ ಇನ್ನೂ ಹಸಿ. ಕರಾವಳಿಯಿಂದ ಆ ಬಸ್ಸಲ್ಲಿ ಕುಲುಕಾಡ್ಕೊಂಡು ಬಂದ್ರೆ ಹೊಲಿಗೆ ಬಿಚ್ಚುತ್ತೆ, ಅವಳಿಗೆ ಹೇಳಬೇಡ ಅಂತ ಅಮ್ಮ ನನ್ನ ಕೈ ಹಿಡ್ಕೊಂಡು ಆಣೆ ಹಾಕಿಸಿದ್ಲು. ಎರಡು ಕೈಯಲ್ಲೂ ಹಿಡ್ಕೊಂಡಿದ್ಲು."

ಹಾ ಅನ್ನಬೇಕಾದ ಕಡೆ ಹಾ ಬರಲಿಲ್ಲ. ಹೆಜ್ಜೆ ಮಾತ್ರ ತಪ್ಪಲಿಲ್ಲ. ನನ್ನ ತಲೆ ತೊಮಾಸಾ ಅವರ ಕಡೆಗಿತ್ತು. ಮೇಲೆ ನೋಡಿದರೆ ಅವರ ಗದ್ದ, ಅದರಾಚೆ ಎಲೆಗಳ ಸಂದಿಯಲ್ಲಿ ಚೂರು ಚೂರು ಬೆಳಕು.

"ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ನೀನು ಅಮ್ಮನ ಮೇಲೆ ಸಿಟ್ಟು ಮಾಡ್ಕೊತಿದ್ದೆ. ಸತ್ತೋರ ಮೇಲಿನ ಸಿಟ್ಟು ಎಲ್ಲಿ ತೀರಿಸ್ಕೊತೀಯ? ನಾನಾದ್ರೆ ಪಕ್ಕದ ಬೀದೀಲೇ ಇದೀನಿ. ಬೈಯೋಕೆ ಸಿಗ್ತೀನಿ."

"ಅಯ್ಯೋ ದೇವರೇ, ನಂಗೂ ಹೇಳಿರಲಿಲ್ಲ ಈ ಮನುಷ್ಯ!" ಎಂದರು ಮುಂದಿನಿಂದ ಓದಿಲಿಯಾ. ಸಿಟ್ಟಿಗೆ ಒಂದು ಬಳ್ಳಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಕಡಿದರು.

ಹಳ್ಳ ದಾಟಿದೆವು. ತೊಮಾಸಾ ಗಳವನ್ನು ಇನ್ನೊಂದು ಹೆಗಲಿಗೆ ಸರಿಸಿಕೊಂಡರು.

"ಕತ್ತೆ," ಎಂದರು ಕೊನೆಗೆ. "ಹೊರೆ ಹೊರೋ ಕತ್ತೆ ನೀನು, ಅಣ್ಣಾ."

"ಹೊರ್ತಾ ಇರೋದು ಕಾಣಿಸ್ತಿಲ್ವಾ?"

ಆಗ ತೊಮಾಸಾ ನಕ್ಕರು. ನಗುತ್ತಲೇ ಅತ್ತರು. ದೋನ್ ಫಿದೆನ್ಸಿಯೊ ಅವರ ಬೆನ್ನೂ ಕುಲುಕುತ್ತಿತ್ತು. ಗಳ ಕುಲುಕಿ ನಾನು ಅಯ್ಯೋ ಅಂದೆ.

"ನೋಡು, ಪಾಪದ ಹುಡುಗೀನ ಅಲ್ಲಾಡಿಸಿಬಿಟ್ಟೆ. ನೆಟ್ಟಗೆ ನಡಿ."

"ನೀನು ನೆಟ್ಟಗೆ ನಡಿ. ನಿಂಗೆ ಬೂಟಿದೆ."

ಅಲ್ಲಿಂದ ದೋಣಿಯವರೆಗೂ ಅವರ ಬಾಯಿ ನಿಲ್ಲಲಿಲ್ಲ. ಅಮ್ಮ ಕೊನೆಗೆ ಏನು ತಿಂದಳು, ಯಾರನ್ನು ಕೇಳಿದಳು, ಯಾವ ರವಿಕೆ ತೊಡಿಸಿದಿರಿ, ನನ್ನ ಹೆಸರು ಹೇಳಿದಳಾ. ಹೇಳಿದಳು. ಏನಂತ? ತೊಮಾಸಾ ಬ್ರೆಡ್ಡಿಗೆ ಉಪ್ಪು ಜಾಸ್ತಿ ಹಾಕ್ತಾಳೆ, ನೀನು ನೋಡ್ಕೊ ಅಂತ. ಸುಳ್ಳು! ಅಮ್ಮನಾಣೆ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಭಯವಾದಾಗೆಲ್ಲ ಆ ಮಾತಿನ ತುದಿ ಹಿಡಿದುಕೊಳ್ಳುತ್ತಿದ್ದೆ. ನಾನು ನೋಡಿಯೇ ಇಲ್ಲದ ಒಬ್ಬ ತಾಯಿಯ ಕೊನೆಯ ದಿನಗಳನ್ನು ಅಷ್ಟು ಆಸೆಯಿಂದ ಕೇಳಿದ್ದು, ಮುಂದೇನಾಯಿತು ಎಂದು ತಿಳಿಯಲಿಕ್ಕಾದರೂ ಎಚ್ಚರವಾಗಿರಬೇಕು ಅನ್ನಿಸಿದ್ದರಿಂದ.

ನಡುನಡುವೆ ಅವರು ಹೆಗಲು ಬದಲಿಸಿದರು. ಒಮ್ಮೆ ದೋನ್ ಫಿದೆನ್ಸಿಯೊ ಉಸಿರು ಸಿಗದೆ ಮಂಡಿಯೂರಿದಾಗ ಓದಿಲಿಯಾ ಮಚ್ಚು ಬಿಸಾಕಿ ಗಳಕ್ಕೆ ಹೆಗಲು ಕೊಟ್ಟರು. "ನಾನೇನು ಬರೀ ಬುಟ್ಟಿ ಹೊರೋಕೆ ಬಂದಿದೀನಾ?" ಎಂದು ಗಂಡನನ್ನು ಪಕ್ಕಕ್ಕೆ ತಳ್ಳಿದರು. ಅತ್ತಿಗೆ ನಾದಿನಿ ಸೇರಿ ಏರು ಹತ್ತಿಸಿದರು. ದೋನ್ ಫಿದೆನ್ಸಿಯೊ ಹಿಂದಿನಿಂದ ಏದುಸಿರು ಬಿಡುತ್ತ, "ಹ್ಞೂ... ಹಾ..." ಎಂದು ತಾಳ ಮಾತ್ರ ಹಾಕುತ್ತಿದ್ದರು.

ತ್ರಾನ್ಸಿತೊ ಮಾಮ ನಮ್ಮನ್ನು ದೂರದಿಂದಲೇ ನೋಡಿ ಇಂಜಿನ್ ಹಾಕಿದ್ದ. ಮೀನು ಹೆದರುತ್ತವೆ ಎಂದು ಯಾವತ್ತೂ ನಿಧಾನವಾಗಿ ಹೋಗುವವನು ಅವತ್ತು ದೋಣಿಯನ್ನು ನೀರಿಗೆ ತಾಗಿಸಿದನೋ ಇಲ್ಲವೋ. "ನಿದ್ದೆ ಮಾಡಬೇಡ ರೊಮೆಲಿಯಾ!" ಎಂದು ಹಿಂದಿನಿಂದ ಕೂಗುತ್ತಿದ್ದ. "ನಿಮ್ಮಮ್ಮನಿಗೆ ನಾನು ಉತ್ತರ ಕೊಡಬೇಕಾಗುತ್ತೆ. ನಂಗೆ ಹಾವಿಗಿಂತ ನಿಮ್ಮಮ್ಮನ ಭಯ ಜಾಸ್ತಿ!" ನನ್ನ ತಲೆ ತೊಮಾಸಾ ಅವರ ಮಡಿಲಲ್ಲಿತ್ತು. ಕಾಲು ದೋನ್ ಫಿದೆನ್ಸಿಯೊ ಅವರ ಮಡಿಲಲ್ಲಿ. ಈ ಸಲ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತಿದ್ದರು.

ಕಟ್ಟೆಯಲ್ಲಿ ಆಂಬ್ಯುಲೆನ್ಸು ನಿಂತಿತ್ತು. ಅದರ ಪಕ್ಕದಲ್ಲಿ, ಅಡುಗೆಯ ಏಪ್ರನ್ನೂ ಬಿಚ್ಚದೆ, ಕೈಗಂಟಿದ ಜೋಳದ ಹಿಟ್ಟನ್ನೂ ತೊಳೆಯದೆ, ನನ್ನ ಅಮ್ಮ ನಿಂತಿದ್ದಳು. ಅವಳ ಮುಖ ನೋಡಿದಾಗ ನನಗೆ ಮೊದಲ ಬಾರಿ ಅಳು ಬಂತು. ಅವಳು ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ. ಮದ್ದು ಹೇಗೂ ಕೆಲಸ ಮಾಡುತ್ತಿತ್ತು. ಆದರೆ ಆ ಹಿಟ್ಟಿನ ಕೈ ಹಣೆಯ ಮೇಲೆ ಬಿದ್ದಾಗ ಬದುಕಿದೆ ಅನ್ನಿಸಿತಲ್ಲ, ಅದು ತೊಮಾಸಾ ಅವರು ಕೊಡಿಸಿದ್ದು.

"ಕೇಳಿಕೊಂಡು ಒಳಗೆ ಹೋಗಿದ್ಯೇನೇ?" ಎಂದಳು ಅಮ್ಮ, ಕೆಕ್ಚಿಯಲ್ಲಿ.

"ಕೇಳಿದ್ದೆ ಅಮ್ಮಾ. ಧೂಪ ಹಚ್ಚಿ ಕೇಳಿದ್ದೆ."

ಅಮ್ಮ ಕೆಸರಿನಲ್ಲಿ ಮುಳುಗೆದ್ದ ಆ ಮೂವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಹಾಗಾದ್ರೆ ಬೆಟ್ಟದ ಒಡೆಯನೇ ಇವರನ್ನ ಕಳ್ಸಿದ್ದು," ಎಂದಳು.

ಮದ್ದನ್ನು ಬಾಟಲಿ ಮೇಲೆ ಬಾಟಲಿ ಏರಿಸಿದರು. ಕಾಲು ಕುಂಬಳಕಾಯಿಯಾಯಿತು, ಕಪ್ಪಾಯಿತು, ಜ್ವರ ಬಂತು. ಇನ್ನೂ ತಡವಾಗಿದ್ದರೆ ಕಾಲು ಉಳಿಯುತ್ತಿರಲಿಲ್ಲ, ಬಹುಶಃ ನೀವೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಕೊನೆಗೆ ಕಿರುಬೆರಳು ಮಾತ್ರ ಹೋಯಿತು. ಹೋಗಲಿ. ಅದರಿಂದ ನನಗೆ ಅಂಥ ಉಪಯೋಗವೇನೂ ಇರಲಿಲ್ಲ.

ಶೇಲಾದವರು ಮರುದಿನದ ಬಸ್ಸಿಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಹುಡುಗಿ ಎದ್ದು ಕೂತ ಮೇಲೇ ಹೊರಡುವುದು ಎಂದು ತೊಮಾಸಾ ತೀರ್ಮಾನಿಸಿದ್ದರಂತೆ. ಅಣ್ಣ ಎದುರಾಡಲಿಲ್ಲವಂತೆ. ಸುಮ್ಮನೆ ಕೂತು ಇಬ್ಬರಿಗೂ ಅಭ್ಯಾಸವಿಲ್ಲ. ಅಮ್ಮನ ನೆರೆಮನೆಯವಳ ಹಿತ್ತಿಲಲ್ಲಿ ಒಂದು ಮಣ್ಣಿನ ಒಲೆ ಇತ್ತು, ಹಬ್ಬಕ್ಕೆ ಬಿಟ್ಟರೆ ಕೋಳಿ ಮೊಟ್ಟೆ ಇಡುವುದು ಅದರಲ್ಲೇ. ಕೋಳಿ ಎಬ್ಬಿಸಿ, ಬೂದಿ ತೆಗೆದು, ಅಣ್ಣ ತಂಗಿ ಬೆಂಕಿ ಹಾಕಿದರು.

ಜ್ವರ ಇಳಿದ ಬೆಳಗ್ಗೆ ನನಗೆ ಎಚ್ಚರವಾದದ್ದು ಆ ವಾಸನೆಗೆ. ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ದೋನ್ ಫಿದೆನ್ಸಿಯೊ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ನಿಂತಿದ್ದರು, ಹಿಂದೆ ತೊಮಾಸಾ ಇನ್ನೊಂದು ಬುಟ್ಟಿ. ಮಲಗಿದ್ದವರಿಗೆ, ಅವರನ್ನು ನೋಡಿಕೊಳ್ಳುವವರಿಗೆ, ನರ್ಸುಗಳಿಗೆ, ನೆಲ ಒರೆಸುವವಳಿಗೆ, ಎಲ್ಲರಿಗೂ ಬಿಸಿ ಬನ್ನು.

"ಇವನದ್ದರಲ್ಲಿ ಸೋಂಪು ಕಮ್ಮಿ. ಮೊದಲು ನಂದು ತಿನ್ನು," ಎಂದರು ತೊಮಾಸಾ.

"ಇವಳದ್ದರಲ್ಲಿ ಉಪ್ಪು ಜಾಸ್ತಿ. ಅಮ್ಮ ಸಾಯೋವಾಗ್ಲೂ ಅದನ್ನೇ ಹೇಳಿದ್ಲು," ಎಂದರು ದೋನ್ ಫಿದೆನ್ಸಿಯೊ.

ನಾನು ಎರಡನ್ನೂ ತಿಂದೆ. ಯಾವುದು ಚೆನ್ನಾಗಿದೆ ಎಂದು ಇಬ್ಬರೂ ನನ್ನ ಬಾಯಿ ನೋಡುತ್ತ ನಿಂತರು. ಅಮ್ಮ ನನ್ನನ್ನು ಪಾರು ಮಾಡಿದಳು. ಅವಳಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಎರಡೂ ಬನ್ನನ್ನು ಕಾಫಿಯಲ್ಲಿ ಅದ್ದಿ ತಿಂದು, "ಎರಡೂ ಚಿಕ್ಕದು," ಅಂದಳು.

ಅವರು ಹೊರಡುವ ದಿನ ನಾನು ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡಿದ್ದೆ. ನನ್ನ ಜೀವ ನೀವು ಕೊಟ್ಟದ್ದು ಎಂದು ಶುರು ಮಾಡಿದೆ. ತೊಮಾಸಾ ಮುಂದಕ್ಕೆ ಹೋಗಗೊಡಲಿಲ್ಲ.

"ಸುಮ್ನಿರೇ. ನೀನು ಆ ಕಾಲಿಡದೆ ಇದ್ದಿದ್ರೆ ನಾವಿಬ್ರೂ ಹಾಗೇ ಬಸ್ಸು ಹತ್ತಿ, ಹಾಗೇ ಮನೆಗೆ ಹೋಗಿ, ಹಾಗೇ ಸಾಯ್ತಿದ್ವಿ. ನಾನು ದಿನಾ ನಿನ್ನ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ತೀನಿ."

"ಹಾವಿನ ಹೆಸರಲ್ಲೂ ಒಂದು ಹಚ್ಚು," ಎಂದರು ದೋನ್ ಫಿದೆನ್ಸಿಯೊ.

"ರೀ!" ಎಂದರು ಓದಿಲಿಯಾ.

"ತಮಾಷೆಗಂದೆ ಮಾರಾಯ್ತಿ." ಆಮೇಲೆ ನನ್ನ ಕಡೆ ತಿರುಗಿ, ದೊಡ್ಡ ಎರಡು ಕೈಗಳಲ್ಲಿ ನನ್ನ ಕೈ ಹಿಡಿದುಕೊಂಡು, ಒಮ್ಮೆ ಅಮುಕಿ, ಟೋಪಿ ಹಾಕಿಕೊಂಡು ಹೊರಗೆ ಹೋದರು.

ಮಳೆಗಾಲ ಕಳೆಯುವ ಹೊತ್ತಿಗೆ ನಾನು ಕೋಲು ಬಿಟ್ಟು ನಡೆಯತೊಡಗಿದೆ. ಸ್ವಲ್ಪ ಕುಂಟು, ಅಷ್ಟೆ. ಸತ್ತವರ ಹಬ್ಬಕ್ಕೆ ಬರಲೇಬೇಕು ಎಂದು ಶೇಲಾದಿಂದ ಫೋನು ಬಂತು. ಅಮ್ಮ ಹುಟ್ಟಿದಾಗಿನಿಂದ ಬೆಟ್ಟದ ಮೇಲಿನ ಊರು ನೋಡಿದವಳಲ್ಲ. ಏಲಕ್ಕಿಯ ಪೊಟ್ಟಣ, ಒಂದು ಜೀವಂತ ಟರ್ಕಿ ಕೋಳಿ ಹಿಡಿದು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕೋಳಿ ಪಕ್ಕದವರ ಕಾಲು ಕುಕ್ಕಿತು. ಅಮ್ಮ ಅವರಿಗೆಲ್ಲ ನನ್ನ ಕಾಲು ತೋರಿಸಿ ಕಥೆ ಹೇಳಿ ಸಮಾಧಾನ ಮಾಡಿದಳು.

ಸ್ಮಶಾನದ ತುಂಬ ಚೆಂಡುಹೂವು, ಜನ, ಗಾಳಿಪಟ. ತೊಮಾಸಾ ನನ್ನ ಕೈ ಹಿಡಿದು ಅವರಮ್ಮನ ಸಮಾಧಿಯ ಮುಂದೆ ನಿಲ್ಲಿಸಿ ಕಿಚೆಯಲ್ಲಿ ಏನೇನೋ ಹೇಳಿದರು. ನನಗೆ ಅರ್ಥವಾದದ್ದು ರೊಮೆಲಿಯಾ ಅನ್ನುವ ನನ್ನ ಹೆಸರು ಮಾತ್ರ. ಎರಡು ಮೂರು ಸಲ ಬಂತು. ನಾನು ಮೇಣದಬತ್ತಿ ಹಚ್ಚಿದೆ. ಸಾಯುವ ಹೊತ್ತಿನಲ್ಲೂ ಮಗಳ ಹೊಲಿಗೆಯ ಚಿಂತೆ ಮಾಡಿದ ಆ ಹೆಂಗಸಿಗೆ, ಇಬ್ಬರನ್ನೂ ಒಂದೇ ಮರಿಗೆಯ ಮುಂದೆ ನಿಲ್ಲಿಸಿ ಬೆಳೆಸಿದವಳಿಗೆ, ನಾನು ನನ್ನ ಭಾಷೆಯಲ್ಲೇ ಕೈಮುಗಿದೆ.

ಸಂಜೆ ಚಳಿಗೆ ಅಮ್ಮನ ಹಲ್ಲು ಕಟಕಟ ಅನ್ನುತ್ತಿತ್ತು. ದೋನ್ ಫಿದೆನ್ಸಿಯೊ ಅವಳನ್ನು ಬೇಕರಿಯ ಒಳಗೆ ಕರೆದೊಯ್ದು ಒಲೆಯ ಬಾಯಿಯ ಪಕ್ಕ, ಹಿಟ್ಟಿನ ಮೂಟೆಗಳ ಮೇಲೆ ಕಂಬಳಿ ಹಾಸಿ ಕೂರಿಸಿದರು. ಓದಿಲಿಯಾ ಚಾಕೊಲೇಟು ಕಾಯಿಸಿ ತಂದರು. ಅಮ್ಮ ಅರ್ಧ ಲೋಟ ಕುಡಿದು, ಲೋಟ ಹಿಡಿದುಕೊಂಡೇ ನಿದ್ದೆ ಹೋದಳು. ತೊಮಾಸಾ ಮೆಲ್ಲಗೆ ಲೋಟ ಬಿಡಿಸಿಕೊಂಡು, ತಮ್ಮ ಶಾಲು ಅವಳಿಗೆ ಹೊದಿಸಿದರು.

"ಅಣ್ಣಾ, ಆ ಬನ್ನಿನ ತಗಡು ಎಳೀಬೇಡ, ಸದ್ದಾಗುತ್ತೆ."

"ಬನ್ನು ಹೊತ್ತಿ ಹೋಗುತ್ತಲ್ಲೇ."

"ಹೋಗ್ಲಿ. ಒಂದು ದಿನ ಹೋಗ್ಲಿ."

ಅವರು ತಗಡನ್ನು ಎಳೆಯಲಿಲ್ಲ. ನಾವು ನಾಲ್ವರೂ ಪಿಸುಮಾತಿನಲ್ಲಿ ಮಾತಾಡುತ್ತ, ಒಲೆಯ ಬಿಸಿಗೆ ಕೈಯೊಡ್ಡಿ, ಅಮ್ಮನ ಗೊರಕೆ ಕೇಳುತ್ತ ಕೂತಿದ್ದೆವು.